ಬಾರದವರ ತುತ್ತು

ಪಾಲಾರ್ ಸೇತುವೆ

ನನ್ನ ಹೆಂಡತಿ ಹಟ ಹಿಡಿದು ಮಾಡಿಸಿದ ಪಾಸ್‌ಪೋರ್ಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಬೆಚ್ಚಗೆ ಮಲಗಿದೆ. ಅದರ ಮೇಲೆ ಒಂದು ಮುದ್ರೆಯೂ ಬಿದ್ದಿಲ್ಲ. ನಾನು ಕಂಡ ಪರದೇಶ ಅಂದರೆ ಪಾಲಾರ್ ಸೇತುವೆ ದಾಟಿದರೆ ಸಿಗುವ ತಮಿಳುನಾಡಿನ ಸೇಲಂ ಜಿಲ್ಲೆ. ನಗಬೇಡಿ. ಬೋರ್ಡು ಓದೋಕೆ ಬರದ ಕಡೆ, ಕೇಳಿದ್ದಕ್ಕೆ ಸಿಗುವ ಉತ್ತರ ಅರ್ಥವಾಗದ ಕಡೆ ಹೋದರೆ ನನ್ನ ಮಟ್ಟಿಗೆ ಅದು ಪರದೇಶವೇ.

ಮಾದೇಶ್ವರನ ಬೆಟ್ಟದಲ್ಲಿ ಮೆಟ್ಟೂರು ಬಸ್ಸು ಹತ್ತಿ, ಖಾಲಿ ಇದ್ದ ಎಡಗಡೆ ಸೀಟಿನಲ್ಲಿ ಕೂತೆ. ಕಂಡಕ್ಟರು ಏನೋ ಕೂಗಿದ. ನಾನು ಟಿಕೆಟ್ಟಿಗೆ ಕಾಸು ಚಾಚಿದೆ. ಅವನು ಇನ್ನೂ ಜೋರಾಗಿ ಕೂಗಿದ. ಕೊನೆಗೆ ಒಬ್ಬ ಮುದುಕಿ ಕೊಡೆಯ ತುದಿಯಿಂದ ನನ್ನ ಪಕ್ಕೆಗೆ ತಿವಿದು ಎಬ್ಬಿಸಿದಳು. ಅಲ್ಲಿ ಎಡಗಡೆಯೆಲ್ಲ ಹೆಂಗಸರದಂತೆ. ಮಳವಳ್ಳಿ ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳದ ಮೇಷ್ಟ್ರಾಗಿ ಸಾವಿರಾರು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಆವತ್ತು ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಹೋದೆ.

ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಆವತ್ತು ಗಮನವೆಲ್ಲ ಕಿಟಕಿಯಾಚೆ ಇತ್ತು. ಕಾವೇರಿ ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು ದಡ ತುಂಬಿ ಹರಿಯುತ್ತಿದ್ದಳು. ಹಿಂದಿನ ದಿನ ಮಾದಪ್ಪ ಫೋನಿನಲ್ಲಿ ಹೇಳಿದ್ದ: "ಅಣ್ಣೋ, ಮೇಲಿಂದ ನೀರು ಬಿಟ್ಟವ್ರೆ. ನೋಡೋದಾದ್ರೆ ನಾಳೇನೆ ಬಂದ್ಬುಡು. ಇನ್ನೆರಡು ದಿನ ಓದ್ರೆ ಅಗೇವು ನೀರುಪಾಲು."

ಈ ಮಾದಪ್ಪ ಯಾರು ಅನ್ನೋದನ್ನು ಹೇಳಬೇಕು. ಕೊಳತ್ತೂರಿನ ಹತ್ತಿರದ ರೈತ, ನಲವತ್ತು ದಾಟಿದವನು. ಹೋದ ವರ್ಷ ಬೆಟ್ಟದ ದಾಸೋಹದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ. ಊರು ಯಾವುದು ಅಂತ ಕೇಳಿದೆ. "ಮೆಟ್ಟೂರು ಪಕ್ಕ. ಆದ್ರೆ ನಾವು ಮಳವಳ್ಳಿ ಸೀಮೆಯೋರು" ಅಂದ. ಮಳವಳ್ಳಿ ನೋಡಿದ್ದೀಯಾ ಅಂದರೆ ಇಲ್ಲ. ಅವನ ಅಪ್ಪ ನೋಡಿದ್ದಾನಾ ಅಂದರೆ ಅವನೂ ಇಲ್ಲ. ಮನೆದೇವರು ಕೇಳಿದೆ, ನಮ್ಮದೇ. ಕುಲದ ಬೆಡಗು ಕೇಳಿದೆ, ಅದೂ ನಮ್ಮದೇ. ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು.

ಅವರ ಮನೆಯ ಕಥೆ ಹೀಗೆ. ಯಾವುದೋ ಕಾಲದಲ್ಲಿ ಮಳೆ ಸಾಲುಸಾಲಾಗಿ ವರ್ಷಗಟ್ಟಲೆ ತಪ್ಪಿತು. ಅಣ್ಣ ತಮ್ಮ ಇಬ್ಬರು. ತಮ್ಮ ಉಳಿದ ದನ ಹೊಡೆದುಕೊಂಡು ಹೊಳೆಗುಂಟ ಕೆಳಗೆ ಹೊರಟ. ಅಪ್ಪ ಅವ್ವ ನಡೆಯುವ ಸ್ಥಿತಿಯಲ್ಲಿರಲಿಲ್ಲ, ಅಣ್ಣ ಅವರ ಜೊತೆ ಉಳಿದ. "ನೀನು ನಡಿ, ಇವರನ್ನ ಕರ್ಕೊಂಡು ಹಿಂದೆ ಬರ್ತೀನಿ" ಅಂದ. ಬರಲಿಲ್ಲ. ಆವತ್ತಿಂದ ಇವತ್ತಿನವರೆಗೂ ತಮ್ಮನ ಮನೆಯಲ್ಲಿ ಮೊದಲ ಮುದ್ದೆಯಿಂದ ಒಂದು ತುತ್ತು ಮುರಿದು ಪಕ್ಕಕ್ಕಿಡುತ್ತಾರೆ. ಅದಕ್ಕೆ ಬಾರದವರ ತುತ್ತು ಅಂತ ಹೆಸರು. ಊಟ ಮುಗಿದ ಮೇಲೆ ಹಸುವಿಗೆ ಹಾಕುತ್ತಾರೆ.

ನಾವು ಅಣ್ಣನ ಮನೆಯವರು. ನಮಗೆ ತಮ್ಮನೊಬ್ಬ ಇದ್ದ ಅನ್ನೋದೇ ಮರೆತುಹೋಗಿತ್ತು. ಆವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾನು ಮಕ್ಕಳಿಗೆ ಜೀವಮಾನವಿಡೀ ಯಾವ ರಾಜ ಬಂದ, ಯಾವ ರಾಜ ಹೋದ ಅಂತಲೇ ಪಾಠ ಹೇಳಿದೆ. ಮಳೆ ಯಾವಾಗ ಬಂತು, ಯಾವಾಗ ಬಿಟ್ಟುಹೋಯಿತು ಅನ್ನೋದು ಪರೀಕ್ಷೆಗೆ ಬರುತ್ತಿರಲಿಲ್ಲ. ಆದರೆ ಊರು ಎಬ್ಬಿಸಿದ್ದು, ಊರು ಕಟ್ಟಿಸಿದ್ದು ಬಹಳ ಸಲ ಅದೇ. ಸಿಂಧೂ ಕಣಿವೆಯ ಆ ದೊಡ್ಡ ಪಟ್ಟಣಗಳು ಬಡವಾಗಿದ್ದಕ್ಕೆ ಮುಂಗಾರು ಸೊರಗಿದ್ದೂ ಒಂದು ಕಾರಣ ಅನ್ನುತ್ತಾರೆ ತಿಳಿದವರು. ಗುಹೆಯೊಳಗೆ ಹನಿಹನಿಯಾಗಿ ಬೆಳೆದ ಸುಣ್ಣದ ಕಲ್ಲನ್ನು ಕೊಯ್ದು ಹಳೇ ಮಳೆಗಾಲಗಳನ್ನು ಓದುತ್ತಾರಂತೆ. ಸೇಲಂ, ಧರ್ಮಪುರಿ ಕಡೆ ಇಷ್ಟೊಂದು ಕನ್ನಡದ ಮನೆ ಯಾಕಿವೆ ಅಂದರೆ ಕೆಲವರು ದಂಡಿನ ಜೊತೆ ಬಂದರು, ಕೆಲವರು ಮಗ್ಗದ ಜೊತೆ. ಇನ್ನು ಕೆಲವರನ್ನು ಬಾರದ ಮಳೆ ಅಟ್ಟಿತು.

ಮಾದಪ್ಪನ ಮನೆಯ ಹಿಂದೆ ಒಂದು ಹಗೇವು ಇತ್ತು. ಹಗೇವು ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಕಣಜ. ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಒಳಗೆ ಗುಡಾಣದ ಹಾಗೆ ಹೊಟ್ಟೆ. ಬರ ಬಂದು ಅದನ್ನು ತೆರೆದಾಗೆಲ್ಲ ಮನೆಯ ಯಜಮಾನ ಒಳಗೋಡೆಯ ಮೇಲೆ ಕುಡುಗೋಲಿನಿಂದ ಒಂದು ಗೆರೆ ಕೊರೆಯಬೇಕು. ಒಂದು ಬರಕ್ಕೆ ಒಂದು ಗೆರೆ. ಇದನ್ನು ಕೇಳಿದ ಮೇಲೆ ನನಗೆ ನಿದ್ದೆ ಬರುವುದುಂಟೇ? ಆ ಗೆರೆಗಳನ್ನು ನೋಡಬೇಕು, ಎಣಿಸಬೇಕು, ಫೋಟೋ ಹಿಡಿಯಬೇಕು. ಅದಕ್ಕೇ ಕಂಬಿ ಹಿಡಿದು ನಿಂತು ಹೊರಟಿದ್ದೆ.

ಕೊಳತ್ತೂರು

ಬಸ್ಸಿಳಿದಾಗ ಮಾದಪ್ಪ ಸ್ಕೂಟರ್ ತಂದು ಕಾದಿದ್ದ. ಮೀನಿನ ಬುಟ್ಟಿ ಹೊತ್ತವರು, ಪಂಪ್‌ಸೆಟ್ಟು ಮೇಲಕ್ಕೆ ಎಳೆದುಕೊಂಡು ಬಂದವರು, ಎಲ್ಲರ ಬಾಯಲ್ಲೂ ನೀರಿನದೇ ಮಾತು. ಅಣೆಕಟ್ಟೆ ತುಂಬಿದ ವರ್ಷ ನೀರು ಅವರ ಹೊಲದ ಕೆಳಗೆ ಬಂದು ನಿಲ್ಲುತ್ತದಂತೆ. ಈ ಸಲ ಮಳೆಗೆ ಅಲ್ಲಿಯ ಏರಿ ಕುಸಿದು, ನೀರು ಹಗೇವಿದ್ದ ದಿಣ್ಣೆಯ ಬುಡಕ್ಕೇ ಬಂದಿತ್ತು.

ಮನೆಯಲ್ಲಿ ಮೂರೇ ಜನ. ಮಾದಪ್ಪ, ಹರೂರು ಕಡೆಯಿಂದ ಬಂದ ಅವನ ಹೆಂಡತಿ ರತ್ನ, ಅವನ ತಾಯಿ ಕೆಂಪಮ್ಮ. ತಮ್ಮನ ಮನೆಯ ಹಿರಿಯಳು, ಹಾಗಾಗಿ ನಾನು ಚಿಕ್ಕವ್ವ ಅಂದೆ. ಆಕೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಸಂತೆಯಲ್ಲಿ ಕುಂಬಳಕಾಯಿ ನೋಡಿದ ಹಾಗೆ.

"ಬಂದ್ಯಾ ಕೊನೆಗೂ," ಅಂದಳು. "ತಡ ಮಾಡ್ಬುಟ್ರು ನಿಮ್ಮೋರು."

ಊಟಕ್ಕೆ ಕೂತೆವು. ನಮ್ಮ ಮುದ್ದೆಗಿಂತ ಮೆತ್ತಗಿತ್ತು, ಜೊತೆಗೆ ಹೊಳೆಮೀನಿನ ಸಾರು. ರತ್ನ ಬಡಿಸುತ್ತ "ಬಾವ, ಕಳಿ ಇನ್ನೊಂದು ಪೋಡ್ಲಾ?" ಅಂದಳು. ಮುದ್ದೆಗೆ ಕಳಿ, ಹಾಕಲಾ ಅನ್ನೋದಕ್ಕೆ ಪೋಡ್ಲಾ: ಒಂದೇ ವಾಕ್ಯದಲ್ಲಿ ಎರಡು ರಾಜ್ಯ ದಾಟುವ ಹೆಣ್ಣು. ಚಿಕ್ಕವ್ವ ಮೊದಲ ಮುದ್ದೆಯಿಂದ ಒಂದು ತುತ್ತು ಮುರಿದು ಎಲೆಯ ಚೂರಿನ ಮೇಲೆ, ಗೋಡೆಯ ಪಕ್ಕ ಇಟ್ಟಳು.

ನಾನು ತಮಾಷೆಗೆ ಕೈ ಚಾಚಿದೆ. "ಅಣ್ಣನ ಮನೆಯೋನು ಬಂದೆನಲ್ಲ ಚಿಕ್ಕವ್ವ, ಅದನ್ನ ನನಗೇ ಕೊಡು."

ಆಕೆ ನಗಲಿಲ್ಲ. "ನೀನು ಬಂದಿದ್ದೀಯ, ನಿನ್ ತಟ್ಟೇಲಿ ಐತೆ. ಇದು ಬಾರ್ದೋರ್ದು."

ಹಗೇವು ತೆರೆಯುವ ಮಾತೆತ್ತಿದಾಗ ಆಕೆಯ ಮುಖ ಇನ್ನೂ ಗಡುಸಾಯಿತು. ಆ ಮನೆಯಲ್ಲಿ ಅದು ತೆರೆದದ್ದನ್ನು ನೋಡಿದವಳು ಆಕೆ ಒಬ್ಬಳೇ, ಅದೂ ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ. ಆಮೇಲೆ ರೇಷನ್ ಅಕ್ಕಿ ಬಂತು, ಯಾರಿಗೂ ಅದು ಬೇಕಾಗಲಿಲ್ಲ.

"ಮಳೆ ಎರಡು ವರ್ಸ ಒಟ್ಗೆ ಓದ್ರೆ ತೆಗೀಬೇಕು ಅಂತ ಐತೆ. ಈಗ ನೀರು ಮನೆ ಬಾಗ್ಲಿಗೆ ಬಂದೈತೆ, ತೆಗೆದು ಏನ್ ಮಾಡೀರಿ?"

"ನಾಳೆ ಆ ಗೆರೆಗಳೇ ಇರೋಲ್ಲ ಚಿಕ್ಕವ್ವ. ನಮ್ಮ ಹಿರೀಕರು ಬರೆದಿಟ್ಟ ಪುಸ್ತಕ ಅದು. ಕೊಚ್ಚಿಹೋಗೋಕೆ ಬಿಡ್ತೀಯಾ?" ಅಂದೆ. ಮಾತು ನನಗೆ ಚೆನ್ನಾಗಿ ಬರುತ್ತದೆ. ಅದೇ ನನ್ನ ಕೆಟ್ಟ ಗುಣ.

ಮಾದಪ್ಪ ತಾಯಿಯ ಕಡೆ ನೋಡಿದ. "ದೊಡ್ಡ ಮನೆಯೋರು ಇಷ್ಟು ದೂರ ಬಂದವ್ರೆ ಅವ್ವ. ಇಲ್ಲ ಅನ್ನಾದಾ?"

ಹಗೇವಿನ ಬಾಯಿ

ಮಧ್ಯಾಹ್ನ ಮೂರು ಗಂಟೆಗೆ ದಿಣ್ಣೆ ಹತ್ತಿದೆವು. ಕೆಳಗೆ ನೀರು ಜೋಳದ ಕೂಳೆಗಳನ್ನು ಒಂದೊಂದಾಗಿ ಮುಳುಗಿಸುತ್ತ ಮೇಲೆ ಬರುತ್ತಿತ್ತು. ನಾವು ಬಂದಾಗ ಕಾಣುತ್ತಿದ್ದ ಒಂದು ಬಿಳೀ ಕಲ್ಲು, ಮಣ್ಣು ಕೆದಕಿ ಬಾಯಿಯ ಚಪ್ಪಡಿ ಹುಡುಕುವಷ್ಟರಲ್ಲಿ ಮಾಯವಾಗಿತ್ತು. ಬೇಗ ಮಾದಪ್ಪ, ಬೇಗ ಅಂತ ಹತ್ತು ಸಲ ಅಂದಿರಬೇಕು.

ಚಪ್ಪಡಿ ಸರಿಸಿದೊಡನೆ ಹುಳಿಹುಳಿಯಾದ, ಹಳಸಿದ ಅಂಬಲಿಯಂಥ ವಾಸನೆ ಬಂತು. ಬುಡದಿಂದ ತೇವ ಏರಿ, ತಳದಲ್ಲಿ ಉಳಿದಿದ್ದ ಹಳೇ ರಾಗಿ ಕೊಳೆಯತೊಡಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕವ್ವ ಒಂದು ಮಣ್ಣಿನ ಹಣತೆ ಹಚ್ಚಿ, ಬುಟ್ಟಿಯಲ್ಲಿಟ್ಟು, ಹಗ್ಗದಲ್ಲಿ ಒಳಗಿಳಿಸಿದಳು. ಅವರಲ್ಲಿ ಅದು ಪದ್ಧತಿ. ಹಗೇವಿನೊಳಗಿರುವ ದೇವಿ, ಅಮ್ಮ, ಒಪ್ಪಿದರೆ ದೀಪ ಉರಿಯುತ್ತದೆ, ಒಪ್ಪದಿದ್ದರೆ ಆರುತ್ತದೆ.

ಒಂದಾಳುದ್ದ ಇಳಿಯುವುದರೊಳಗೆ ದೀಪ ಆರಿತು. ಮತ್ತೆ ಹಚ್ಚಿ ಇಳಿಸಿದಳು. ಮತ್ತೆ ಆರಿತು.

"ಅಮ್ಮ ಬ್ಯಾಡ ಅಂತಾವ್ಳೆ," ಅಂದಳು ಚಿಕ್ಕವ್ವ. "ಮುಚ್ಚಿ."

ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ನನ್ನ ಲುಂಗಿಯೇ ಹಾರುತ್ತಿತ್ತು. "ಗಾಳಿ ಚಿಕ್ಕವ್ವ, ಗಾಳಿಗೆ ಆರ್ತಾ ಇದೆ," ಅಂದೆ. ಆಮೇಲೆ ನನ್ನ ಮೊಬೈಲಿನ ಟಾರ್ಚು ಹಾಕಿ, ಅದೇ ಬುಟ್ಟಿಯಲ್ಲಿಟ್ಟು ಇಳಿಬಿಟ್ಟೆ. ಬೆಳಕು ತಳ ಮುಟ್ಟಿತು. ಗೋಡೆ ಬೆಳ್ಳಗೆ ಹೊಳೆಯಿತು. ಓರೆಯಾಗಿ ಎರಡು ಮೂರು ಗೆರೆ ಕಂಡೇಬಿಟ್ಟವು.

"ನೋಡು, ಉರೀತಾ ಇದೆ! ನಿಮ್ಮಮ್ಮ ಒಪ್ಪಿದಳು!" ಅಂತ ಕೂಗಿದೆ.

ಮಾದಪ್ಪ ನಕ್ಕ. ರತ್ನಳೂ ನಕ್ಕಳು. ಅವರ ಕಣ್ಣಿಗೂ ಅದು ಸರಿಯಾಗೇ ಕಂಡಿತ್ತು. ದೀಪ ಉರಿಯಬೇಕು ಅಂತ ತಾನೇ ಪದ್ಧತಿ? ಉರಿಯುತ್ತಿತ್ತಲ್ಲ. ಯಾಕೆ ಉರಿಯಬೇಕು ಅನ್ನೋದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ನೆನಪಿರಬೇಕಾಗಿದ್ದವನು ನಾನು. ವಿಜ್ಞಾನದ ಮೇಷ್ಟ್ರು ರಜ ಹಾಕಿದ ದಿನ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಗಾಳಿ ಕೆಟ್ಟರೆ ಜ್ವಾಲೆ ಸಾಯುತ್ತದೆ ಅಂತ ಎಂಟನೇ ಕ್ಲಾಸಿಗೆ ತೋರಿಸಿದವನು ನಾನೇ.

ಚಿಕ್ಕವ್ವ ಒಂದಕ್ಕೆ ಮಾತ್ರ ಜಗ್ಗಲಿಲ್ಲ. "ಸೊಂಟಕ್ಕೆ ಅಗ್ಗ ಕಟ್ಕೊಳ್ದೆ ಇಳಿದ್ಯೋ, ನನ್ ಎಣ ನೋಡ್ತೀಯ ಮಗ." ಮಾದಪ್ಪ ಗೊಣಗುತ್ತ ಕಂಕುಳ ಕೆಳಗೆ ಸುತ್ತಿ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ಪಕ್ಕದ ಬೇವಿನ ಮರಕ್ಕೆ ಕಟ್ಟಿದೆವು. ಗೋಡೆಯಲ್ಲಿ ಕಾಲಿಡಲು ಕೊರೆದ ಗೂಡುಗಳಿದ್ದವು. ಇಳಿದ.

"ಎಷ್ಟು ಗೆರೆ ಮಾದಪ್ಪ?"

"ಇರಣ್ಣೋ... ಮೂರು... ನಾಲ್ಕು... ಇಲ್ಲೊಂದು ದಪ್ಪಂದು ಐತೆ, ದಾತು ವರ್ಸದ ದೊಡ್ಡ ಬರದ್ದೇ ಇರ್ಬೇಕು... ಐದು..."

ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದೆ. ಆರು ಅಂದ. ಏಳು ಅಂದಾಗ ದನಿ ಯಾಕೋ ಕುಡಿದವರ ಹಾಗೆ ಎಳೆಯಿತು. ಎಂಟು ಕೇಳಿಸಲಿಲ್ಲ.

"ಮಾದಪ್ಪ? ಎಂಟಾ?"

ಧೊಪ್ ಅಂತ ಏನೋ ಬಿದ್ದ ಸದ್ದು.

ಬಗ್ಗಿ ನೋಡಿದೆ. ಅವನು ಮಂಡಿ ಮಡಿಚಿ, ಗೋಡೆಗೆ ಒರಗಿ ಕೂತವನ ಹಾಗೆ ಇದ್ದ. ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಪಕ್ಕದಲ್ಲಿ ನನ್ನ ಫೋನು ಮಾತ್ರ ಒಂದಿಷ್ಟೂ ಮಂಕಾಗದೆ ಉರಿಯುತ್ತಿತ್ತು. ಆಗ ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ಲೋಟ, ಮೇಣದ ಬತ್ತಿ, ಎರಡು ಸಲ ಆರಿದ ಹಣತೆ.

ಚಪ್ಪಲಿ ಬಿಟ್ಟು ಬಾಯಿಯೊಳಗೆ ಕಾಲಿಟ್ಟೆ. ಹಿಂದಿನಿಂದ ಚಿಕ್ಕವ್ವ ನನ್ನ ಅಂಗಿ ಹಿಡಿದು ಎಳೆದ ರಭಸಕ್ಕೆ ಅಂಗಾತ ಬಿದ್ದೆ. ಎಪ್ಪತ್ತೈದರ ಮುದುಕಿ! "ನೀನೂ ಇಳಿದ್ರೆ ಇಬ್ರು ಓಯ್ತೀರಿ! ಅಗ್ಗ ಎಳಿ! ಎಳಿಯೋ!"

ಎಳೆದೆವು. ನಾನು, ರತ್ನ, ಚಿಕ್ಕವ್ವ. ಮಾದಪ್ಪ ಒಳ್ಳೆ ಮೈಯಾಳು. ಹಗ್ಗ ನನ್ನ ಅಂಗೈ ಸುಲಿಯಿತು. ಅವನು ಒಂದು ಮೊಳ ಎದ್ದ, ಜಾರಿದ, ಮತ್ತೆ ಎದ್ದ. ಬಾಯಿಯ ಕಿರಿದಾದ ಕತ್ತಿನ ಹತ್ತಿರ ಭುಜ ಸಿಕ್ಕಿಕೊಂಡಿತು. ನಾವು ಎಷ್ಟು ಎಳೆದರೂ ಬರಲಿಲ್ಲ. ಕಾಣುತ್ತಿದ್ದದ್ದು ಅವನ ಕೂದಲು ಮಾತ್ರ.

"ಯಾರಾಚು ವಾಂಗಳೇ! ಕಾಪಾತುಂಗೋ!" ರತ್ನ ನೀರಿನ ಕಡೆ ತಿರುಗಿ ಕಿರುಚಿದಳು. ಅಯ್ಯೋ ಅನ್ನೋ ಹೊತ್ತಿಗೆ ಅವಳ ಬಾಯಿಗೆ ಬಂದದ್ದು ತಮಿಳು. ಹರಿಗೋಲು ದಡಕ್ಕೆ ಎಳೆಯುತ್ತಿದ್ದ ಇಬ್ಬರು ಮೀನುಗಾರರು ಏರಿ ಹತ್ತಿ ಓಡಿಬಂದರು. ಒಬ್ಬ ಹಗ್ಗ ಹಿಡಿದಿದ್ದ ನನ್ನನ್ನು ದಾಟಿ, ನೆಲಕ್ಕೆ ಮಲಗಿ, ತಲೆ ಹೊರಗಿಟ್ಟು, ತೋಳೆರಡನ್ನೂ ಒಳಗೆ ತೂರಿಸಿ ಮಾದಪ್ಪನ ಭುಜ ಓರೆ ಮಾಡಿದ. ಇನ್ನೊಬ್ಬ ಹಗ್ಗ ಜಗ್ಗಿದ. ಚಿಕ್ಕವ್ವ ಮೊರ ಹಿಡಿದು ಬಾಯಿಗೆ ಬೀಸುತ್ತಲೇ ಇದ್ದಳು, ಒಂದೇ ಸಮ, ತೂರೋ ರಾಗಿಗೆ ಬೀಸಿದ ಹಾಗೆ.

ಹೊರಗೆ ಬಂದ. ತುಟಿ ನೇರಳೆ ಬಣ್ಣ. ಎದೆ ಅಲುಗುತ್ತಿರಲಿಲ್ಲ. ಮೀನುಗಾರರಲ್ಲಿ ದೊಡ್ಡವನು, ನೀರಿಗೆ ಬಿದ್ದವರನ್ನು ಎಷ್ಟೋ ಸಲ ಎತ್ತಿದವನಿರಬೇಕು, ಎರಡೂ ಅಂಗೈ ಜೋಡಿಸಿ ಎದೆ ಒತ್ತತೊಡಗಿದ. ಬಾಯಿಗೆ ಬಾಯಿಟ್ಟು ಊದಿದ. ಮತ್ತೆ ಒತ್ತಿದ. ರತ್ನ ಗಂಡನ ಪಾದ ಉಜ್ಜುತ್ತ ಹೆಸರು ಕೂಗುತ್ತಿದ್ದಳು. ಗಂಡನ ಹೆಸರು ಅವಳು ಕೂಗಿದ್ದು ಅದೇ ಮೊದಲು ಅಂತ ಆಮೇಲೆ ಗೊತ್ತಾಯಿತು. ನಾನು ಬೆಟ್ಟದ ಮಾದೇಶ್ವರನಿಗೆ ಏನೇನು ಹರಕೆ ಹೊತ್ತೆನೋ, ಒಂದೂ ನೆನಪಿಲ್ಲ. ಬೆಟ್ಟಕ್ಕೆ ಹೋದಾಗಲೆಲ್ಲ ಒಂದೊಂದಾಗಿ ತೀರಿಸುತ್ತಿದ್ದೇನೆ.

"ಮೂಚ್ಚು ವರುದು," ಅಂದ ಮೀನುಗಾರ. ನನಗೆ ಅರ್ಥವಾಗಲಿಲ್ಲ. "ವರುದು, ವರುದು!"

ರತ್ನ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಉಸಿರು ಬತ್ತಾ ಐತಂತೆ ಬಾವ!"

ಮೆಟ್ಟೂರು

ಆಟೋದಲ್ಲಿ ಮಾದಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಅವನ ಉಸಿರು ನಿಂತಿತೇನೋ ಅಂತ ಮೂಗಿಗೆ ಬೆರಳು ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಕವಚ ಹಾಕಿದರು. ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಏನೂ ಕೇಳದೆ ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟ ನನ್ನ ಕೈಗಿಟ್ಟಳು. ಸುಲಿದ ಅಂಗೈಗೆ ಅದು ಚುರ್ ಅಂದಾಗಲೇ ಗಾಯದ ನೆನಪಾದದ್ದು.

ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದು ರತ್ನಳನ್ನು ತಮಿಳಿನಲ್ಲಿ ಏನೋ ಕೇಳಿದರು. ರತ್ನ ತಲೆ ತಗ್ಗಿಸಿ ಉತ್ತರ ಕೊಟ್ಟಳು.

"ಏನಂತೆ?" ಅಂದೆ.

"ಇಳಿಯೋ ಮುಂಚೆ ವಿಳಕ್ಕು... ದೀಪ ಬಿಟ್ಟು ನೋಡ್ಲಿಲ್ವಾ ಅಂತ ಕೇಳ್ತಾವ್ರೆ."

"ನೀನೇನಂದೆ?"

"ಬಿಟ್ವಿ, ಆರೋಯ್ತು ಅಂದೆ."

ಡಾಕ್ಟರಮ್ಮ ಹುಬ್ಬೇರಿಸಿ ಕೇಳಿದರು. "ಅಪ್ಪುರಂ?"

ಆ ಒಂದು ತಮಿಳು ಮಾತು ಯಾರೂ ಹೇಳಿಕೊಡದೆ ಅರ್ಥವಾಯಿತು. ಆಮೇಲೆ? ರತ್ನ ನನ್ನ ಹೆಸರು ಹೇಳಿಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನೇ ಎದ್ದು ನಿಂತು, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದೆ. ದೀಪ ಆರಿತು. ನಾನು ಫೋನು ಬಿಟ್ಟೆ. ಫೋನು ಆರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು.

ಸಂಜೆಯವರೆಗೂ ಆ ಬೆಂಚಿನ ಮೇಲೆ ಕೂತು ಒಂದೇ ವಿಷಯ ಯೋಚಿಸಿದೆ. ಬರದಲ್ಲಿ ಬದುಕುಳಿದವರು ಎರಡು ಬಿಟ್ಟುಹೋಗಿದ್ದರು: ಗೋಡೆಯ ಮೇಲೆ ಗೆರೆ, ಮುದುಕಿಯ ಕೈಯಲ್ಲಿ ಹಣತೆ. ಹಸಿದವರು ಅವಸರದಲ್ಲಿ ಇಳಿಯುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅಮ್ಮನ ಅಪ್ಪಣೆ ಅಂದರೆ ಯಾರೂ ಮೀರುವುದಿಲ್ಲ ಅಂತಲೂ ಗೊತ್ತಿದ್ದಿರಬೇಕು. ನಾನು ಗೆರೆಯನ್ನು ಇತಿಹಾಸ ಅಂದೆ, ಹಣತೆಯನ್ನು ಮೂಢನಂಬಿಕೆ ಅಂದುಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಮಾದಪ್ಪ ಕಣ್ಣು ಬಿಟ್ಟ. ನನ್ನನ್ನು ಗುರುತು ಹಿಡಿದ. ಕವಚ ಸರಿಸಿ ಅಂದ ಮೊದಲ ಮಾತು: "ಅಣ್ಣೋ, ಎಂಟೋ ಒಂಬತ್ತೋ ತಪ್ಪೋಯ್ತು. ಲೆಕ್ಕ ಸರಿಯಾಗಿ ಸಿಗ್ಲಿಲ್ಲ."

ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮತ್ತೆ ಕೊಳತ್ತೂರು

ಮೂರನೇ ದಿನ ಅವನನ್ನು ಮನೆಗೆ ಕರೆತಂದೆವು. ಆಟೋದಿಂದಲೇ ದಿಣ್ಣೆಯ ಕಡೆ ನೋಡಿದೆ. ಬೇವಿನ ಮರ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಹಗೇವು, ಗೆರೆಗಳು, ನನ್ನ ಫೋನು ಎಲ್ಲ ಒಳಗೆ. ಮಾದಪ್ಪ ಚಕ್ಕನೆ ಬೇರೆ ಕಡೆ ತಿರುಗಿದ. ನನ್ನ ಪುಸ್ತಕದಲ್ಲಿ ಏಳರವರೆಗೆ ಬರೆದು ನಿಲ್ಲಿಸಿದ ಹಾಳೆ ಇದೆ. ಅದನ್ನು ಪೂರ್ತಿ ಮಾಡುವ ಆಸೆ ನನಗಿಲ್ಲ.

ಚಿಕ್ಕವ್ವ ಮೂರು ದಿನ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಮಗನಿಗೆ ದೃಷ್ಟಿ ತೆಗೆದು ಒಳಗೆ ಕರೆದಳು, ನನ್ನ ಕಡೆ ನೋಡಲೇ ಇಲ್ಲ. ಅದೇ ಸಂಜೆ ಬಸ್ಸಿಗೆ ಹೊರಡುತ್ತೇನೆ ಅಂದಾಗ ರತ್ನ, "ಸಾಪ್ಟುಟು ಓಗಿ ಬಾವ, ಅತ್ತೆ ಮುದ್ದೆಗೆ ಎಸ್ರಿಟ್ಟವ್ರೆ," ಅಂದಳು.

ಊಟಕ್ಕೆ ಕೂತೆವು, ಮಾದಪ್ಪ, ನಾನು. ಚಿಕ್ಕವ್ವ ಮೊದಲ ಮುದ್ದೆ ಮಾದಪ್ಪನ ತಟ್ಟೆಗೆ ಹಾಕುವ ಮುಂಚೆ ಎಂದಿನಂತೆ ಒಂದು ತುತ್ತು ಮುರಿದಳು. ಎಲೆಯ ಚೂರು ಗೋಡೆ ಪಕ್ಕ ತಯಾರಿತ್ತು. ತುತ್ತು ಹಿಡಿದು ಅತ್ತ ಒಂದು ಹೆಜ್ಜೆ ಇಟ್ಟವಳು ತಿರುಗಿದಳು. ಆಮೇಲೆ ಬಗ್ಗಿ, ಅದನ್ನು ಮಗನ ತಟ್ಟೆಗೇ ಇಟ್ಟಳು.

"ಇದು ಬಾರ್ದೋರ್ದಲ್ವಾ ಅವ್ವ," ಅಂದ ಮಾದಪ್ಪ.

"ಊಂ. ಬಾರ್ದೋನಾಗಿದ್ಯಲ್ಲ ಮಗ. ಬಂದ್ಯಲ್ಲ. ತಿನ್ನು."

ಮಾದಪ್ಪ ತಲೆ ಬಗ್ಗಿಸಿ ತುತ್ತನ್ನು ಸಾರಿಗೆ ಅದ್ದಿ ನುಂಗಿದ. ರತ್ನ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಗೋಡೆಯ ಪಕ್ಕದ ಎಲೆ ಖಾಲಿಯಾಗೇ ಇತ್ತು. ಆ ಮನೆಯಲ್ಲಿ ಅದು ಯಾವತ್ತೂ ಖಾಲಿ ಇದ್ದದ್ದಿಲ್ಲ.

ಚಿಕ್ಕವ್ವ ನನ್ನ ತಟ್ಟೆಗೆ ಒಂದು ಮುದ್ದೆ ಹಾಕಿದಳು. ಹಾಕಿದವಳು ಹೋಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ಇನ್ಮೇಲೆ ನಿಮ್ ಮನೇಲೂ ಮುರೀಬೇಕು ಮಗ," ಅಂದಳು. "ನಾವೊಬ್ರೇ ಎಷ್ಟು ಕಾಲ ಇಡಾದು?"

ನಾನು ಸುಲಿದ ಕೈಯಲ್ಲಿ ನನ್ನ ಮುದ್ದೆಯಿಂದ ಒಂದು ತುತ್ತು ಮುರಿದೆ. ಬಿಸಿಗೆ ಅಂಗೈ ಉರಿಯಿತು. ಎದ್ದು ಹೋಗಿ ಗೋಡೆಯ ಪಕ್ಕದ ಎಲೆಯ ಮೇಲೆ ಇಟ್ಟು, ಬಂದು ಕೂತು ಉಂಡೆ.